ಶ್ರುತಿ ಕೊಡುವವನ ಕುರ್ಚಿ

ತೈಪೆ, ೬ ಸೆಪ್ಟೆಂಬರ್ ೧೯೫೨
(ಆ-ಹೀ ಮಾವನ ಕೈಯಲ್ಲಿ)

ಮಗಳೇ ಛಾಯ್-ಹಾ,

ನಿನ್ನ ಮಾವ ಆ-ಹೀ ದಿನಾ ಹ್ವಾಲಿಯೆನ್‌ನಿಂದ ರೈಲು ಸಿಗುವ ಊರಿನವರೆಗೆ ಸಮುದ್ರದ ಮೇಲಿನ ಬಂಡೆಯಂಚಿನಲ್ಲಿ ಬಸ್ಸು ಓಡಿಸುವವನು, ಕೈ ನಡುಗದ ಮನುಷ್ಯ. ಅದಕ್ಕೇ ನನ್ನ ನಿಜವಾದ ಕಾಗದಗಳು ಇನ್ನು ಮೇಲೆ ಅವನ ಸೀಟಿನ ಕೆಳಗೆ ಪ್ರಯಾಣ ಮಾಡುತ್ತವೆ. ಅಂಚೆಯಲ್ಲಿ ಬರುವವನ್ನೂ ನಾನೇ ಬರೆಯುತ್ತೇನೆ, ಆದರೆ ಅವು ನಿನಗಲ್ಲ, ನಡುವೆ ಒಡೆದು ಓದುವವರಿಗೆ. ಅವನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳು. ಇವನ್ನು ಒಬ್ಬಳೇ ಓದು.

ಲೋವಾ ಮೇಷ್ಟ್ರು ಬುಧವಾರ ಅಭ್ಯಾಸಕ್ಕೆ ಬರಲಿಲ್ಲ. ಗುರುವಾರವೂ ಇಲ್ಲ. ಮೇಷ್ಟ್ರ ಹೆಂಡತಿ ಬಾಗಿಲು ಅರ್ಧ ತೆರೆದು, ‘ಊರಿಗೆ ಹೋಗಿದ್ದಾರೆ’ ಅಂದರು. ಅವರ ಹಿಂದೆ ಕಾಣುತ್ತಿದ್ದ ಕೋಣೆಯಲ್ಲಿ ಯಾರೋ ಹಾಸಿಗೆಯನ್ನೂ ಹರಿದು ಹುಡುಕಿದ್ದರು. ಊರಿಗೆ ಹೋಗುವವರು ಹಾಸಿಗೆ ಹರಿದು ಹೋಗುವುದಿಲ್ಲ. ಮೇಷ್ಟ್ರು ಏನು ಮಾಡಿದ್ದರು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಟ್ಟೀತು ಅನ್ನುವ ಭಯ.

ಸೋಮವಾರ ನಿನಗೆ ಕೆಮ್ಮಿದೆ ಅಂತ ಹೇಳಿ ಅಜ್ಜಿಯ ಊರಿಗೆ ರೈಲು ಹತ್ತಿಸಿದೆನಲ್ಲ, ‘ನನಗೆಲ್ಲಪ್ಪಾ ಕೆಮ್ಮು?’ ಅಂತ ಪ್ಲಾಟ್‌ಫಾರಂ ಮೇಲೆ ಜಗಳವಾಡಿದೆಯಲ್ಲ, ಈಗ ಹೇಳುತ್ತೇನೆ ಕೇಳು. ಹಿಂದಿನ ವಾರ ಗುಪ್ತ ಪೊಲೀಸರ ಹಾಗೆ ಕಂಡ ಇಬ್ಬರು ಅಭ್ಯಾಸ ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸಂಗೀತ ತಿಳಿಯದವರು ಬಂದರೆ ನಗಾರಿ ನೋಡುತ್ತಾರೆ, ಇಲ್ಲವೇ ಕೋಲು ಆಡಿಸುವ ನಿರ್ದೇಶಕರನ್ನು. ಇವರು ನೋಡಿದ್ದು, ಕಚೇರಿಗೆ ಮೊದಲು ಎಲ್ಲ ವಾದ್ಯಗಳಿಗೂ ಶ್ರುತಿ ಕೊಡುವ ಓಬೋ ಊದುವವರನ್ನು. ನಿಮ್ಮದು ಎರಡೇ ಕುರ್ಚಿ: ಮೊದಲನೆಯದು ಮೇಷ್ಟ್ರದು, ಅದರ ಬಲಗಡೆಯದು ನಿನ್ನದು. ಅವರ ಕಣ್ಣು ಎರಡರಲ್ಲಿ ಯಾವುದರ ಮೇಲಿದೆ ಅಂತ ನನಗೆ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯುವ ಜಾತಿಯವನಲ್ಲ ನಾನು.

ಅದೇ ಸಂಜೆ ಮೇಷ್ಟ್ರಿಗೂ ಹೇಳಿದೆ. ಅವರು ಜೊಂಡಿನ ಪೀಪಿ ಕೆರೆಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. “ನಾನು ಓಡಿಹೋದ್ರೆ ನಾಳೆ ಶ್ರುತಿ ಯಾರು ಕೊಡ್ತಾರೆ, ಬೀಗದ ಸಾಹೇಬ್ರೇ? ನೀವಾ?” ಅಂದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ತಿರುಗುವ ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಅವರ ಪೀಪಿಗಳು ನೆನೆಹಾಕಿದ ನೀರಿನ ಬಟ್ಟಲು ಕಪಾಟಿನ ಮೇಲೆ ಹಾಗೇ ಇದೆ. ಯಾರೂ ಮುಟ್ಟುತ್ತಿಲ್ಲ. ನಾನು ದಿನಾ ನೀರು ಬದಲಿಸುತ್ತಿದ್ದೇನೆ.

ಬರಬೇಡ. ಯಾರು ಕರೆದರೂ ಬರಬೇಡ. ನಾನೇ ಕರೆದರೂ.

ಅಪ್ಪ,
ಯೂ ಕಿಂ-ಸಾನ್

◆

ತೈಪೆ, ೧೨ ಸೆಪ್ಟೆಂಬರ್
(ಅಂಚೆಯಲ್ಲಿ)

ಪ್ರೀತಿಯ ಮಗಳಿಗೆ,

ಇಲ್ಲಿ ಎಲ್ಲ ಕ್ಷೇಮ. ರಾಷ್ಟ್ರೀಯ ವಾದ್ಯವೃಂದ ಅಕ್ಟೋಬರ್ ಹತ್ತರ ರಾಷ್ಟ್ರೀಯ ದಿನದ ಸಂಗೀತ ಕಚೇರಿಗೆ ಹುರುಪಿನಿಂದ ತಯಾರಾಗುತ್ತಿದೆ. ಕಾರ್ಯಕ್ರಮದ ಪುಸ್ತಿಕೆಗೆ ವೃಂದದ ಚಿಕ್ಕ ಚರಿತ್ರೆ ಬರೆದುಕೊಡುವ ಗೌರವವನ್ನು ನಿರ್ದೇಶಕ ಷಾವೊ ಅವರು ವ್ಯವಸ್ಥಾಪಕನಾದ ನನಗೆ ಕೊಟ್ಟಿದ್ದಾರೆ. ಹವಾ ಚೆನ್ನಾಗಿದೆ. ವೈದ್ಯರು ಹೇಳಿದಂತೆ ನೀನು ಹಾಸಿಗೆ ಬಿಟ್ಟು ಏಳಬೇಡ.

ನಾಡಿಗೆ ಜಯವಾಗಲಿ.

ನಿನ್ನ ತಂದೆ,
ಯೂ ಕಿಂ-ಸಾನ್

◆

ಹ್ವಾಲಿಯೆನ್, ೧೬ ಸೆಪ್ಟೆಂಬರ್
(ಮಾವನ ಕೈಯಲ್ಲಿ)

ಅಪ್ಪನಿಗೆ,

ಮೊದಲು ಆ ಪೀಪಿಗಳನ್ನು ನೀರಿನಿಂದ ತೆಗೆಯಿರಿ. ನುಡಿಸುವ ಮೊದಲು ಸ್ವಲ್ಪ ಹೊತ್ತು ನೆನೆಸಬೇಕೇ ಹೊರತು ವಾರಗಟ್ಟಲೆ ಬಿಟ್ಟರೆ ಕೊಳೆಯುತ್ತವೆ. ನೆರಳಲ್ಲಿ ಒಣಗಿಸಿ ಅವುಗಳ ಡಬ್ಬಿಯಲ್ಲಿಡಿ. ಮೇಷ್ಟ್ರು ಬಂದಾಗ ಬೈಯುತ್ತಾರೆ.

ಇನ್ನೊಂದು ಮಾತು. ಚೆಲ್ಲೊ ನುಡಿಸುವ ಹೋ ಅವರ ಹೆಂಡತಿ ತವರಿಗೆ ಅಂತ ಈ ಕಡೆ ಬಂದಿದ್ದವರು ದಾರಿಯಲ್ಲಿ ಸಿಕ್ಕರು. ನನ್ನನ್ನು ನೋಡಿ ರಸ್ತೆಯ ಆ ಬದಿಗೆ ಹೋದರು. ನಾನು ಬೆನ್ನು ಹತ್ತಿ ಹಿಡಿದು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ನಿಮ್ಮಪ್ಪ ನಿನ್ನ ಸೋಮವಾರ ಕಳಿಸಿದ್ರು. ಮೇಷ್ಟ್ರು ಮಂಗಳವಾರ ಹೋದ್ರು. ನಮಗೆಲ್ಲ ಲೆಕ್ಕ ಬರಲ್ವಾ ತಾಯಿ?”

ಅಪ್ಪ, ನಿಮ್ಮ ಕಾಗದ ನಾನು ನಂಬುತ್ತೇನೆ. ಆದರೆ ಅದನ್ನು ಅವರಿಗೆ ತೋರಿಸುವ ಹಾಗಿಲ್ಲ. ಮೇಷ್ಟ್ರನ್ನು ಹಿಡಿಸಿಕೊಟ್ಟವರು ನೀವೇ ಅನ್ನುವ ಆರೋಪಕ್ಕೆ ನಾನು ಇಲ್ಲಿ ಇರುವುದೇ ಸಾಕ್ಷಿಯಾಗಿದೆ. ನಾನು ಬರಲೇ?

ಇಲ್ಲಿ ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೇನೆ. ಗಾಯಕಿಯಲ್ಲ ನಾನು, ನನ್ನ ಹಾಡು ಕೇಳಿ ಅಜ್ಜಿಯ ಬಾತುಗಳು ಕೊಳದ ಆಚೆಗೆ ಹೋಗುತ್ತವೆ. ಓಬೋ ಪೆಟ್ಟಿಗೆಯಿಂದ ತೆಗೆದಿಲ್ಲ. ಅದರ ಸದ್ದು ಊರಿಗೆಲ್ಲ ಕೇಳುತ್ತದೆ.

ನಿಮ್ಮ ಛಾಯ್-ಹಾ

◆

ತೈಪೆ, ೨೪ ಸೆಪ್ಟೆಂಬರ್
(ಮಾವನ ಕೈಯಲ್ಲಿ)

ಮಗಳೇ,

ಪೀಪಿ ಒಣಗಿಸಿದೆ. ಎರಡು ಆಗಲೇ ಲೋಳೆಗಟ್ಟಿದ್ದವು. ಒಳ್ಳೆಯದು ಮಾಡಲು ಹೋಗಿ ಕೊಳೆಸಿದವನು ಅಂತ ನನ್ನ ಹೆಸರು ಬರೆದುಕೋ.

ಜನ ಹೇಳುವುದು ನನಗೂ ಗೊತ್ತು. ನಾನು ಚಹಾ ಕೋಣೆಗೆ ಹೋದರೆ ಮಾತು ನಿಂತು ಎಲ್ಲರೂ ಹವಾಮಾನದ ಬಗ್ಗೆ ಶುರು ಮಾಡುತ್ತಾರೆ. ತೈಪೆಯ ಹವಾಮಾನ ಇಷ್ಟು ಚರ್ಚೆಯಾದದ್ದು ಇತಿಹಾಸದಲ್ಲೇ ಇಲ್ಲ. ಬೈದುಕೊಳ್ಳಲಿ. ನನ್ನನ್ನು ಕಂಡು ಅವರು ಹೆದರುವುದು ಒಂದು ರೀತಿಯಲ್ಲಿ ನಿನಗೆ ಕಾವಲು. ಆದ್ದರಿಂದ ಬರಬೇಡ.

ಆದರೆ ಕುರ್ಚಿಯ ವಿಷಯ ನನ್ನ ನಿದ್ದೆ ತಿನ್ನುತ್ತಿದೆ. ಮೊದಲನೆಯವನು ಇಲ್ಲದಾಗ ಎರಡನೆಯವನು ಒಂದು ಕುರ್ಚಿ ಮುಂದೆ ಸರಿಯಬೇಕು, ಅದು ವೃಂದದ ಪದ್ಧತಿ. ಸರಿಯಲು ನೀನಿಲ್ಲ. ಹಾಗಾಗಿ ಎರಡೂ ಖಾಲಿ. ಮೇಷ್ಟ್ರ ಕುರ್ಚಿ ಹಾಗೇ ಬಿಟ್ಟರೆ ‘ಯಾರಿಗೆ ಕಾಯ್ತಿದ್ದೀರಿ?’ ಅಂತ ಆ ಇಬ್ಬರು ಕೇಳುತ್ತಾರೆ. ತೆಗೆದರೆ, ‘ಬರೋದಿಲ್ಲ ಅಂತ ಇವನಿಗೆ ಹೇಗೆ ಗೊತ್ತು?’ ಅಂತ ನಮ್ಮವರೇ ಕೇಳುತ್ತಾರೆ. ಒಂದು ಮರದ ಕುರ್ಚಿ, ಮುಟ್ಟಿದರೂ ತಪ್ಪು, ಮುಟ್ಟದಿದ್ದರೂ ತಪ್ಪು. ಸದ್ಯಕ್ಕೆ ಗುಡಿಸುವಾಗ ಸರಿಸಿ ಮತ್ತೆ ಅಲ್ಲೇ ಇಡುತ್ತಿದ್ದೇನೆ. ಗುಡಿಸಿದ್ದೇ ಗುಡಿಸಿದ್ದು.

ಚರಿತ್ರೆ ಬರೆಯುವುದೂ ಅದೇ ಪಾಡು. ಮೊದಲ ಸಾಲು ನನಗೆ ಬಾಯಿಪಾಠ: ಯುದ್ಧ ಮುಗಿದ ಚಳಿಗಾಲದಲ್ಲಿ ಇಬ್ಬರು ಒಂದು ಕೈಗಾಡಿ ತಳ್ಳಿಕೊಂಡು, ಯುದ್ಧ ಸೋತು ಊರು ಬಿಟ್ಟು ಹೋಗುತ್ತಿದ್ದ ಜಪಾನಿಯರ ಮನೆಮನೆಗೆ ಹೋದರು. ಅವರು ಹಡಗಿಗೆ ಹೊರುವಂತಿಲ್ಲದ ವಾದ್ಯಗಳನ್ನು ಅಕ್ಕಿಗೆ, ಬೆಲ್ಲಕ್ಕೆ, ಒಮ್ಮೆ ಒಂದು ಜೊತೆ ಮಳೆಬೂಟಿಗೆ ಕೊಂಡುತಂದರು. ಈ ರಾಷ್ಟ್ರೀಯ ವೃಂದ ಹುಟ್ಟಿದ್ದು ಆ ಗಾಡಿಯ ಮೇಲೆ. ತಳ್ಳುತ್ತಿದ್ದವನು ನಾನು, ಆರಿಸುತ್ತಿದ್ದವರು ಮೇಷ್ಟ್ರು. ಪಿಯಾನೊ ಕಂಡರೆ ಬಾಗಿಲಲ್ಲೇ ನಿಂತು, “ಬೀಗದ ಕಿಂಡಿಯಿಂದ ಬಲಕ್ಕೆ ಮೂರನೇ ಬಿಳಿ ಪಟ್ಟಿ, ಒತ್ತಿ” ಅನ್ನುವರು. ನಾನು ಒತ್ತುವೆ. ಅದೇ ಶ್ರುತಿಯ ಸ್ವರ. ಅದು ನೆಟ್ಟಗಿದ್ದರೆ ಮಾತ್ರ ಒಳಗೆ ಬರುವರು. ಏಳು ವರ್ಷದಲ್ಲಿ ನಾನು ಕಲಿತ ಸಂಗೀತ ಅದೊಂದೇ.

ನಿರ್ದೇಶಕರು ಓದಿ, ‘ಇಬ್ಬರು ಯಾಕೆ?’ ಅಂದರು. ‘ಒಬ್ಬ’ ಅಂತ ತಿದ್ದಿದೆ. ಮರುದಿನ, ‘ಒಬ್ಬ ಅಂದ್ರೆ ಯಾರು ಅಂತ ಕೇಳ್ತಾರೆ’ ಅಂದರು. ಈಗ ಗಾಡಿ ತಾನೇ ಹೋಗುತ್ತದೆ.

ಅವರು ನಿನ್ನನ್ನೂ ಕೇಳಿದರು. ಓಬೋ ಇಲ್ಲದೆ ಕಚೇರಿ ಹೇಗೆ ಅಂತ. ಕೆಮ್ಮಿದರೆ ರಕ್ತ ಬೀಳುತ್ತದೆ ಅಂದೆ. ಪಾಪ, ಒಂದು ಹೆಜ್ಜೆ ಹಿಂದೆ ಸರಿದರು. ಓಬೋದ ಸಾಲುಗಳನ್ನು ಕ್ಲಾರಿನೆಟ್‌ಗೆ ಹಂಚಿದ್ದಾರೆ. ಶ್ರುತಿಯನ್ನು ಪಿಯಾನೊದಿಂದ ಮಿಸ್ ತಾನ್ ಕೊಡುತ್ತಾಳೆ. ಎಲ್ಲ ಸರಿಹೋಯಿತು ಅಂತ ಎಲ್ಲರೂ ಹೇಳುತ್ತಿದ್ದಾರೆ. ಅದಕ್ಕೇ ನನಗೆ ಹೆದರಿಕೆ.

ಅಪ್ಪ

◆

ಹ್ವಾಲಿಯೆನ್, ೧೧ ಅಕ್ಟೋಬರ್
(ಮಾವನ ಕೈಯಲ್ಲಿ)

ಅಪ್ಪನಿಗೆ,

ನಿನ್ನೆ ಕಚೇರಿಯನ್ನು ರೇಡಿಯೋದಲ್ಲಿ ಕೇಳಿದೆ. ಮುಖ್ಯೋಪಾಧ್ಯಾಯರ ಮನೆಯಲ್ಲಿ ಊರವರೆಲ್ಲ ಸೇರಿದ್ದರು, ಕಲ್ಲಂಗಡಿ ಬೀಜ ಹಂಚಿದ್ದರು. ರಾಷ್ಟ್ರಗೀತೆ ಆಯಿತು. ಭಾಷಣ ಆಯಿತು. ವಾದ್ಯವೃಂದ ವೇದಿಕೆಗೆ ಬಂತು ಅಂತ ಹೇಳಿದರು, ಕುರ್ಚಿ ಸರಿಸುವ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ.

ಏನೂ ಇಲ್ಲ ಅಪ್ಪ. ಯಾರೋ ಕೆಮ್ಮಿದರು. ಮತ್ತೆ ಏನೂ ಇಲ್ಲ. ಮುಖ್ಯೋಪಾಧ್ಯಾಯರು ರೇಡಿಯೋ ಕೆಟ್ಟಿತು ಅಂತ ಅದರ ನೆತ್ತಿಗೆ ಎರಡೇಟು ಹಾಕಿದರು. ‘ಹೋದ ವಾರ ತಾನೇ ರಿಪೇರಿ ಮಾಡಿಸಿದ್ದು’ ಅಂತ ಅವರ ಹೆಂಡತಿ ಗೊಣಗಿದರು. ಕೆಟ್ಟಿಲ್ಲ ಅಂತ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವರೆಲ್ಲ ಬಿಲ್ಲು ಎತ್ತಿಕೊಂಡು, ತುಟಿ ಒದ್ದೆ ಮಾಡಿಕೊಂಡು, ಆ ಕುರ್ಚಿಯ ಕಡೆಗೆ ನೋಡುತ್ತ ಕೂತಿದ್ದಾರೆ. ಮೇಷ್ಟ್ರಿಗೆ ಕಾಯುತ್ತಿದ್ದಾರೆ. ಬೀಜ ನನ್ನ ಬಾಯಲ್ಲೇ ಉಳಿಯಿತು.

ಆಮೇಲೆ ಪಿಯಾನೊದ ಆ ಒಂದು ಸ್ವರ. ಎರಡು ಸಲ. ಮೊಳೆ ಹೊಡೆದ ಹಾಗೆ. ಅದು ಮಿಸ್ ತಾನ್ ಕೈಯಲ್ಲ. ಅಷ್ಟು ಒರಟಾಗಿ ಒತ್ತಿದವರು ಯಾರು?

ಕೂಡಲೇ ಬರೆಯಿರಿ. ಮಾವ ನಾಳಿದ್ದು ವಾಪಸು ಬರುತ್ತಾನೆ.

ಛಾಯ್-ಹಾ

◆

ಹ್ವಾಲಿಯೆನ್, ೨೦ ಅಕ್ಟೋಬರ್
(ಅಂಚೆಯಲ್ಲಿ)

ಪೂಜ್ಯ ತಂದೆಯವರಿಗೆ,

ನಿಮ್ಮಿಂದ ಕಾಗದ ಬಂದಿಲ್ಲ. ಮಾವ ಮೂರು ಸಲ ಹೋಗಿ ಬಂದ. ನಮ್ಮ ಮನೆಗೆ ಬೀಗ ಹಾಕಿದೆ ಅನ್ನುತ್ತಾನೆ. ಕಚೇರಿಯ ಕೆಲಸ ಹೆಚ್ಚಿರಬೇಕು. ಅಜ್ಜಿ ಕೇಳುತ್ತಿದ್ದಾರೆ, ಅದಕ್ಕೆ ಬರೆದೆ. ಒಂದು ಸಾಲು ಬರೆದರೂ ಸಾಕು.

ನಾಡಿಗೆ ಜಯವಾಗಲಿ.

ಯೂ ಛಾಯ್-ಹಾ

◆

ತೈಪೆ, ೩೦ ಅಕ್ಟೋಬರ್
(ಮಾವನ ಕೈಯಲ್ಲಿ)

ಮಗಳೇ,

ಬದುಕಿದ್ದೇನೆ, ಮನೆಯಲ್ಲಿದ್ದೇನೆ, ಯಾರೂ ಹೊಡೆಯಲಿಲ್ಲ. ಈ ಮೂರನ್ನು ಮೊದಲು ಅಜ್ಜಿಗೆ ಹೇಳಿ ಬಂದು ಉಳಿದದ್ದು ಓದು.

ನೀನು ಕೇಳಿಸಿಕೊಂಡದ್ದು ಸರಿ. ಮಿಸ್ ತಾನ್ ಪಿಯಾನೊದ ಮುಂದೆ ಕೂತಿದ್ದಳು, ಕೈ ಮಡಿಲಲ್ಲಿತ್ತು. ಏಳು ವರ್ಷದ ಅಭ್ಯಾಸ, ಅವಳೂ ಓಬೋ ಕುರ್ಚಿಯ ಕಡೆಗೆ ತಿರುಗಿ ಕಾಯುತ್ತಿದ್ದಳು. ಯಾರೂ ಮಾತಾಡಿಕೊಂಡದ್ದಲ್ಲ, ಯಾರೂ ಸನ್ನೆ ಮಾಡಿದ್ದಲ್ಲ. ಎತ್ತು ದಿನಾ ಹೋಗುವ ದಾರಿ ಹಿಡಿದ ಹಾಗೆ ಅಷ್ಟೂ ಜನರ ಕತ್ತು ಒಂದೇ ಕಡೆಗೆ ಹೊರಳಿತು. ಪರದೆಯ ಪಕ್ಕದಲ್ಲಿ ನಿಂತಿದ್ದ ನನ್ನ ಕತ್ತೂ. ಮೊದಲ ಸಾಲಿನಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳು. ಅವರೂ ಎಲ್ಲರ ಕಣ್ಣಿನ ಜಾಡು ಹಿಡಿದು ಆ ಖಾಲಿ ಕುರ್ಚಿಯನ್ನು ನೋಡತೊಡಗಿದರು. ಮೇಷ್ಟ್ರು ಹೋಗಿ ಒಂದು ತಿಂಗಳಾಗಿತ್ತು. ಆ ಗಳಿಗೆಯಲ್ಲಿ ಇಡೀ ಸಭಾಂಗಣದಲ್ಲಿ ಇದ್ದವರು ಅವರೊಬ್ಬರೇ.

ನಾನು ಗೊಂಚಲು ಗಲಗಲ ಅಲ್ಲಾಡಿಸುತ್ತ ವೇದಿಕೆಗೆ ಹೋದೆ. ಬೀಗ ಹಾಕದೆ ಬರೀ ಮುಚ್ಚಿದ್ದ ಪಿಯಾನೊಗೆ ಬೀಗದ ಕೈ ತಿರುಗಿಸಿದ ಹಾಗೆ ಮಾಡಿ ಮುಚ್ಚಳ ಎತ್ತಿದೆ. ಕಿಂಡಿಯಿಂದ ಬಲಕ್ಕೆ ಮೂರನೇ ಬಿಳಿ ಪಟ್ಟಿ. ಮೊದಲ ಸಲ ಒತ್ತಿದಾಗ ಯಾರೂ ಅಲುಗಲಿಲ್ಲ, ನನ್ನನ್ನೇ ನೋಡಿದರು. ಎರಡನೇ ಸಲ ಒತ್ತಿದೆ. ಪಿಟೀಲುಗಳು ಶುರುವಾದವು. ‘ನೀವಾ?’ ಅಂತ ಮೇಷ್ಟ್ರು ನಕ್ಕ ಹಾಗಾಯಿತು.

ಮರುದಿನ ಬೆಳಿಗ್ಗೆ ಜೀಪು ಬಂತು. ಕ್ಯಾಪ್ಟನ್ ಫಾಂಗ್ ಅಂತ, ಹಿಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರಲ್ಲಿ ಎತ್ತರದವನು. ಬಹಳ ಮರ್ಯಾದೆಯ ಮನುಷ್ಯ. ತಾನೇ ಚಹಾ ಬಗ್ಗಿಸಿ ಕೊಟ್ಟ. ಅವನ ಪ್ರಶ್ನೆ ಒಂದೇ, ದಿನಾ ಅದನ್ನೇ ಕೇಳಿದ.

“ಯೂ ಅವರೇ, ಅಷ್ಟು ಜನ ಒಟ್ಟಿಗೆ ಸುಮ್ಮನಾದ್ರು. ಸನ್ನೆ ಕೊಟ್ಟೋರು ಯಾರು?”

“ಯಾರೂ ಇಲ್ಲ ಸಾರ್.”

“ನಾನು ಸೈನ್ಯದಲ್ಲಿದ್ದವನು. ಆಜ್ಞೆ ಇಲ್ದೆ ಹತ್ತು ಜನ ಒಟ್ಟಿಗೆ ಎಡಕ್ಕೆ ತಿರುಗಲ್ಲ. ಒಂದು ಹೆಸರು ಹೇಳಿ, ಮನೆಗೆ ಹೋಗಿ.”

ನಿಜವಾದ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು: ಸನ್ನೆ ಕೊಡುವವರು ನಿಮ್ಮ ಬಳಿಯೇ ಇದ್ದಾರೆ ಸಾರ್, ಅದಕ್ಕೇ ನಾವು ಸುಮ್ಮನಾದೆವು. ನುಂಗಿದೆ. ಆ ಮಾತು ಹೊರಗೆ ಬಿದ್ದಿದ್ದರೆ, ಒಳಗೆ ಕೂತೇ ಹೊರಗಿನವರಿಗೆ ಆಜ್ಞೆ ಕೊಡುತ್ತಾನೆ ಅಂತ ಮೇಷ್ಟ್ರ ಕೊರಳಿಗೆ ಇನ್ನೊಂದು ಆರೋಪ ಕಟ್ಟುತ್ತಿದ್ದರು. ಮಿಸ್ ತಾನ್ ಮರೆತಳು ಅನ್ನೋಣವೆಂದರೆ ಅವಳು ನಿನ್ನ ವಯಸ್ಸಿನವಳು.

ಎಷ್ಟು ದಿನ ಯೋಚಿಸಿದೆನೋ ಕೇಳಬೇಡ. ಕೊನೆಗೆ, ಸೊಂಟದ ಗೊಂಚಲನ್ನು ಬಿಚ್ಚಿ ಅವನ ಮೇಜಿನ ಮೇಲಿಟ್ಟೆ. ಪಿಯಾನೊದ ಬೀಗ ತೆಗೆಯಲು ನಾನು ಮರೆತಿದ್ದೆ, ಹುಡುಗಿ ಮುಚ್ಚಳ ತೆರೆಯಲಾಗದೆ ಕೂತಿದ್ದಳು, ಎಲ್ಲರೂ ನನಗಾಗಿ ಕಾಯುತ್ತಿದ್ದರು, ವಯಸ್ಸಾಯಿತು, ಮರೆವು ಅಂದೆ. ನಾನು ಹೋಗಿ ಬೀಗ ತೆಗೆದದ್ದನ್ನು ಮೊದಲ ಸಾಲಿನವರೆಲ್ಲ ನೋಡಿದ್ದಾರಲ್ಲ! ದೇಶದ್ರೋಹ ಅವನಿಗೆ ಬೇಕಿತ್ತು, ನಾನು ದಡ್ಡತನ ಕೊಟ್ಟೆ. ಅವನು ಬಹಳ ಹೊತ್ತು ಗೊಂಚಲನ್ನು ಬೆರಳಲ್ಲಿ ಆಡಿಸಿದ. ನಂಬಿದನೋ ಇಲ್ಲವೋ. ಕೆಲಸದಲ್ಲಿ ಅಜಾಗರೂಕತೆ ಅಂತ ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟ. ಸಹಿ ಮಾಡಲು ಬರುತ್ತದೆ ಅಂದರೂ ಹೆಬ್ಬೆಟ್ಟೇ ಬೇಕೆಂದ.

ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಅಲ್ಲಿ ಕೇಳಿದ: “ಮಗಳ ಕೆಮ್ಮು ಹೇಗಿದೆ? ಶಾಲೇಲಿ ಹಾಡು ಹೇಳ್ಕೊಡೋವಷ್ಟು ವಾಸಿಯಾಗಿದೆ ಅಂತ ಕೇಳಿದೆ. ಮುಂದಿನ ತಿಂಗಳು ಹದಿನೈದನೇ ತಾರೀಖಿನೊಳಗೆ ಕೆಲಸಕ್ಕೆ ಬರ್ತಾಳಲ್ವಾ? ಬರದಿದ್ರೆ ನಾನೇ ಹೋಗಿ ಅವಳ ಆರೋಗ್ಯ ವಿಚಾರಿಸ್ಬೇಕಾಗುತ್ತೆ.”

ನಾನು ಇಷ್ಟು ದಿನ ನಿನ್ನನ್ನು ಬಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ. ಎಲ್ಲಿದ್ದೀಯ ಅಂತ ಅವನಿಗೆ ಮೊದಲಿಂದಲೂ ಗೊತ್ತಿತ್ತು. ಅದನ್ನು ಕೇಳಿ ಜೀಪಿನಲ್ಲಿ ಕೂರಲು ಆಗದೆ ನಡೆದುಕೊಂಡೇ ಮನೆಗೆ ಬಂದೆ.

ಈಗ ವೃಂದಕ್ಕೆ ಹೊಸ ನಿಯಮ ಬಂದಿದೆ. ಇನ್ನು ಮೇಲೆ ಶ್ರುತಿ ಹೊಂದಿಸುವುದು ಪರದೆಯ ಹಿಂದೆ, ಒಳಗಿನ ಕೋಣೆಯಲ್ಲಿ. ಸಭಿಕರಿಗೆ ಆ ಸ್ವರ ಕೇಳಿಸಕೂಡದು, ಆ ಮೌನವೂ. ಇನ್ನು ಕೆಲವು ವರ್ಷಕ್ಕೆ ಇದು ನಮ್ಮ ವೃಂದದ ಶಿಸ್ತು, ನಮ್ಮ ಸಂಪ್ರದಾಯ ಅಂತ ಯಾರೋ ಚರಿತ್ರೆಯಲ್ಲಿ ಬರೆಯುತ್ತಾನೆ, ನೋಡುತ್ತಿರು. ಇನ್ನೊಂದು ಆಜ್ಞೆ: ವೇದಿಕೆಯ ಮೇಲೆ ಖಾಲಿ ಕುರ್ಚಿ ಕಾಣಿಸಕೂಡದು. ನೀನು ಬಂದರೆ ಮೊದಲನೆಯದಕ್ಕೆ ಸರಿಯಬೇಕು, ಎರಡನೆಯದನ್ನು ತೆಗೆಯಬೇಕು. ಮೇಷ್ಟ್ರ ಜಾಗ ಇತ್ತು ಅನ್ನುವುದೇ ಅಳಿಸುತ್ತದೆ.

ಚೆಲ್ಲೊ ಹೋ ನಿನ್ನೆ ಬಂದು ಬಾಗಿಲಲ್ಲಿ ಒಂದು ಚೀಲ ಗೆಣಸು ಇಟ್ಟು ಹೋದ. ಕ್ಷಮೆಯೋ, ಶ್ರಾದ್ಧವೋ ತಿಳಿಯಲಿಲ್ಲ. ಬೇಯಿಸಿ ತಿಂದೆ.

ಬಾ ಅನ್ನಲು ಬಾಯಿ ಬರುತ್ತಿಲ್ಲ. ಬರಬೇಡ ಅನ್ನಲು ಧೈರ್ಯ ಸಾಲುತ್ತಿಲ್ಲ. ಮೊದಲ ಸಲ ನಿನ್ನ ಅಪ್ಪನಿಗೆ ಯಾವ ಉಪಾಯವೂ ಹೊಳೆಯುತ್ತಿಲ್ಲ.

ಅಪ್ಪ

◆

ಹ್ವಾಲಿಯೆನ್, ೪ ನವೆಂಬರ್
(ಅಂಚೆಯಲ್ಲಿ)

ರಾಷ್ಟ್ರೀಯ ವಾದ್ಯವೃಂದದ ವ್ಯವಸ್ಥಾಪಕರಾದ ಯೂ ಕಿಂ-ಸಾನ್ ಅವರಿಗೆ,

ನನ್ನ ಕೆಮ್ಮು ಪೂರ್ತಿ ವಾಸಿಯಾಗಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ಹನ್ನೆರಡನೇ ತಾರೀಖು ಬೆಳಗಿನ ಬಸ್ಸಿಗೆ ಹೊರಟು ಸಂಜೆಯ ರೈಲಿಗೆ ತೈಪೆ ತಲುಪಿ, ಮರುದಿನ ಕೆಲಸಕ್ಕೆ ಹಾಜರಾಗುತ್ತೇನೆ. ಮೊದಲ ಸ್ಥಾನಕ್ಕೆ ಬೇಕಾದ ಸಾಮರ್ಥ್ಯ ನನಗಿಲ್ಲ. ಆದ್ದರಿಂದ ನಾನು ಮೊದಲು ಕೂರುತ್ತಿದ್ದ ಎರಡನೇ ಕುರ್ಚಿಯಲ್ಲೇ ಕೂರಲು ನಿರ್ದೇಶಕರ ಅನುಮತಿ ಕೋರುತ್ತೇನೆ. ಎರಡನೆಯವಳಾಗಿಯೇ ಶ್ರುತಿ ಕೊಡಬಲ್ಲೆ.

ಇನ್ನೊಂದು ವಿನಂತಿ. ತೈಪೆಯ ನೆಲದ ತೇವಕ್ಕೆ ಓಬೋದ ಮರ ಬಿರುಕು ಬಿಡುತ್ತದೆ ಎಂಬುದು ತಮಗೆ ತಿಳಿದದ್ದೇ. ವಾದ್ಯದ ಪೆಟ್ಟಿಗೆಯನ್ನು ನೆಲದ ಮೇಲೆ ಇಡುವಂತಿಲ್ಲ. ಅದನ್ನಿಡಲು ನನ್ನ ಪಕ್ಕದಲ್ಲಿ, ಎಡಗಡೆ, ಒಂದು ಕುರ್ಚಿ ಬೇಕು. ಅಭ್ಯಾಸದಲ್ಲೂ, ಕಚೇರಿಯಲ್ಲೂ. ಸರ್ಕಾರದ ಸ್ವತ್ತಿನ ರಕ್ಷಣೆಗಾಗಿ ಈ ಕೋರಿಕೆ.

ನಾಡಿಗೆ ಜಯವಾಗಲಿ.

ಯೂ ಛಾಯ್-ಹಾ,
ಎರಡನೇ ಓಬೋ

◆

ತೈಪೆ, ೮ ನವೆಂಬರ್
(ಅಂಚೆಯಲ್ಲಿ)

ಎರಡನೇ ಓಬೋ ವಾದಕಿ ಯೂ ಛಾಯ್-ಹಾ ಅವರಿಗೆ,

ತಮ್ಮ ಪತ್ರ ತಲುಪಿತು. ನನ್ನ ಕೈಗೆ ಬರುವ ಮೊದಲು ಅದನ್ನು ಓದಬೇಕಾದವರೆಲ್ಲ ಓದಿದ್ದಾರೆಂದು ಲಕೋಟೆಯ ಅಂಟು ಹೇಳುತ್ತದೆ. ಯಾರೂ ಆಕ್ಷೇಪಿಸಿಲ್ಲ. ಇದನ್ನೂ ಓದುತ್ತಾರೆ, ಓದಲಿ. ಸರ್ಕಾರದ ಸ್ವತ್ತಿನ ರಕ್ಷಣೆ ಅಂದಮೇಲೆ ಸಹಿ ಹಾಕದಿರಲು ನಿರ್ದೇಶಕರಿಗೂ ಧೈರ್ಯವಾಗಲಿಲ್ಲ.

ಆದೇಶದಂತೆ ಪೆಟ್ಟಿಗೆಗೆಂದು ಒಂದು ಕುರ್ಚಿಯನ್ನು ಗೊತ್ತುಮಾಡಲಾಗಿದೆ. ಹೊಸದನ್ನು ತರಿಸಲಿಲ್ಲ. ಅದು ಇದ್ದಲ್ಲೇ ಇದೆ. ಇಂದು ಗುಡಿಸುವಾಗ ಅದನ್ನು ಸರಿಸಲೂ ಇಲ್ಲ, ಸುತ್ತ ಗುಡಿಸಿದೆ. ಪೀಪಿಗಳ ಡಬ್ಬಿ ಅದರ ಕೆಳಗಿದೆ. ಕೊಳೆಯದೆ ಉಳಿದವು ಮೂರು.

ಹನ್ನೆರಡರ ಸಂಜೆ ನಿಲ್ದಾಣದಲ್ಲಿ ನಾನಿರುತ್ತೇನೆ. ಎತ್ತರದ ಒಬ್ಬ ಮರ್ಯಾದಸ್ಥರೂ ಇರಬಹುದು. ಅವರನ್ನು ನೋಡಬೇಡ. ಗೊಂಚಲಿನ ಸದ್ದು ಕೇಳಿದ ಕಡೆಗೆ ನೇರ ನಡೆದು ಬಾ.

ನಾಡಿಗೆ ಜಯವಾಗಲಿ.

ಯೂ ಕಿಂ-ಸಾನ್,
ವ್ಯವಸ್ಥಾಪಕ